ಮನೆಯ ಫೋನಿಗೊಂದು ಬೀಗ

ನಮ್ಮ ನಾಡಿನ ಒಂದು ಸಾಧಾರಣ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮನೆಗೆಲ್ಲ ಇರುವುದು ಒಂದೇ ಸ್ಮಾರ್ಟ್‌ಫೋನು. ಹಗಲೆಲ್ಲ ಅದು ತಂದೆಯ ಜೇಬಿನಲ್ಲಿರುತ್ತದೆ. ಸಂಜೆ ಅವರು ಮನೆಗೆ ಬಂದೊಡನೆ ಮನೆಮಂದಿಯ ಸೊತ್ತಾಗುತ್ತದೆ. ಪಿ.ಯು.ಸಿ. ಓದುತ್ತಿರುವ ಮಗಳು ಅದರಲ್ಲಿ ಪಾಠ ಕೇಳುತ್ತಾಳೆ. ಅಜ್ಜಿ ದೇವರನಾಮ ಕೇಳುತ್ತಾರೆ. ತಾಯಿ ತವರಿನವರೊಡನೆ ಮಾತನಾಡುತ್ತಾರೆ. ಎರಡನೆಯ ತರಗತಿಯಲ್ಲಿರುವ ಕಿರಿಯ ಮಗ, ಫೋನು ಎಲ್ಲರ ಕೈ ಬಿಟ್ಟ ಗಳಿಗೆಯಲ್ಲಿ ಆಟವಾಡುತ್ತಾನೆ. ಒಂದು ದಿನ ತಂದೆಗೆ ತಮ್ಮ ಬ್ಯಾಂಕಿನ ಆ್ಯಪನ್ನು ಇಳಿಸಿಕೊಳ್ಳಬೇಕಾಗುತ್ತದೆ. ಫೋನು ‘ಸ್ಥಳ ಸಾಲದು’ ಎನ್ನುತ್ತದೆ. ತೆರೆದು ನೋಡಿದರೆ ಅದರೊಳಗೆ ಮೂವತ್ತೆರಡು ಆಟಗಳು ಕುಳಿತಿವೆ! ಅವನ್ನು ತಂದವರು ಯಾರು? ತಂದೆ ತರಲಿಲ್ಲ, ತಾಯಿ ತರಲಿಲ್ಲ. ಕಿರಿಯ ಮಗನನ್ನು ಕೇಳಿದರೆ, “ನಾನು ಒತ್ತಿದೆ, ಅದೇ ಬಂತು” ಎನ್ನುತ್ತಾನೆ.

ಅವನು ಹೇಳಿದುದು ನಿಜ. ಫೋನೂ ತಪ್ಪು ಮಾಡಲಿಲ್ಲ. ಏಳು ವರ್ಷದ ಮಗುವೊಂದು ತನ್ನ ಮೇಲೆ ಬೆರಳಿಟ್ಟಿದೆ ಎಂಬುದು ಆ ಯಂತ್ರಕ್ಕೆ ತಿಳಿಯಲೇ ಇಲ್ಲ. ಅದಕ್ಕೆ ಗೊತ್ತಿದ್ದುದು ಒಂದೇ: ಈ ಫೋನಿನಲ್ಲಿ ನಲವತ್ತೈದು ವರ್ಷದ ಒಬ್ಬ ಗೃಹಸ್ಥರ ಖಾತೆ ಇದೆ, ಆ ಖಾತೆಯಿಂದ ಬೇಡಿಕೆ ಬಂದಿದೆ. ಬೇಡಿಕೆಯನ್ನು ಅದು ವಿಧೇಯತೆಯಿಂದ ಪೂರೈಸಿತು. ಪಾಲಕರ ನಿಯಂತ್ರಣ ಎಂದು ಕರೆಯುವ ಏರ್ಪಾಟುಗಳ ಬಲವನ್ನೂ ದೌರ್ಬಲ್ಯವನ್ನೂ ತಿಳಿಯಬೇಕಾದರೆ ಈ ಒಂದು ಮಾತನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಫೋನಿನ ಬೀಗವು ಮಗುವನ್ನು ಗುರುತಿಸುವುದಿಲ್ಲ, ಖಾತೆಯನ್ನು ಗುರುತಿಸುತ್ತದೆ.

ಇದು ಕೆಲವೇ ಮನೆಗಳ ಪ್ರಶ್ನೆಯಲ್ಲ. ಗ್ರಾಮೀಣ ಭಾರತದ ಶಿಕ್ಷಣಸ್ಥಿತಿಯನ್ನು ಅಳೆಯುವ ‘ಅಸರ್’ ವರದಿಯು, ೧೪ ರಿಂದ ೧೬ ವರ್ಷದ ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಶೇಕಡ ೯೦ ಮಂದಿಯ ಮನೆಗಳಲ್ಲಿ ಸ್ಮಾರ್ಟ್‌ಫೋನು ಇದ್ದುದನ್ನು ೨೦೨೪ ರಲ್ಲಿ ಕಂಡಿತು. ಶೇಕಡ ೮೨ ಮಂದಿ ಅದನ್ನು ಬಳಸಬಲ್ಲೆವೆಂದು ಹೇಳಿದರು. ಆದರೆ ತಮ್ಮದೇ ಸ್ವಂತ ಫೋನು ಉಳ್ಳವರ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆ. ಎಂದರೆ, ಹೆಚ್ಚಿನ ಮಕ್ಕಳ ಕೈಯಲ್ಲಿರುವುದು ಮನೆಯ ಫೋನು. ಅದರೊಳಗಿರುವುದು ದೊಡ್ಡವರ ಖಾತೆ.

ಬೀಗದ ಪೂರ್ವಕಥೆ

ಮಕ್ಕಳು ನೋಡತಕ್ಕದ್ದನ್ನು ಯಂತ್ರದ ಮೂಲಕ ಅಂಕೆಯಲ್ಲಿಡುವ ಪ್ರಯತ್ನ ಫೋನಿನಿಂದಲೇ ಆರಂಭವಾದುದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೯೬ ರಲ್ಲಿ ಆದ ಒಂದು ಕಾನೂನಿನ ಪ್ರಕಾರ, ೨೦೦೦ದ ಜನವರಿಯಿಂದ ಅಲ್ಲಿ ಮಾರುವ ೧೩ ಅಂಗುಲ ಮತ್ತು ಅದಕ್ಕೆ ಮೇಲ್ಪಟ್ಟ ಎಲ್ಲ ಹೊಸ ದೂರದರ್ಶನ ಯಂತ್ರಗಳಲ್ಲಿಯೂ ‘ವಿ-ಚಿಪ್’ ಎಂಬ ಸಣ್ಣ ಸಾಧನವಿರಬೇಕಾಯಿತು. ಕಾರ್ಯಕ್ರಮದ ಜೊತೆಯಲ್ಲಿಯೇ ಅದು ಯಾವ ವಯಸ್ಸಿಗೆ ತಕ್ಕುದು ಎಂಬ ಸಂಕೇತ ಬರುತ್ತಿತ್ತು. ತಂದೆತಾಯಿಗಳು ಗೊತ್ತುಮಾಡಿದ ಮಿತಿಯನ್ನು ಆ ಸಂಕೇತ ಮೀರಿದರೆ ಚಿಪ್ಪು ಚಿತ್ರವನ್ನು ಮರೆಮಾಡುತ್ತಿತ್ತು.

ದೂರದರ್ಶನದಲ್ಲಿ ಕಾರ್ಯಕ್ರಮ ತಾನಾಗಿ ಮನೆಗೆ ಬರುತ್ತದೆ. ಅದನ್ನು ಬಾಗಿಲಲ್ಲಿ ತಡೆದರೆ ಸಾಕು. ಫೋನಿನ ರೀತಿಯೇ ಬೇರೆ. ಇಲ್ಲಿ ಮಗು ತಾನೇ ಅಂಗಡಿಗೆ ಹೋಗಿ ಬೇಕಾದುದನ್ನು ಮನೆಗೆ ತರುತ್ತದೆ. ಆ್ಯಪಲ್ ಸಂಸ್ಥೆಯ ಆ್ಯಪ್ ಸ್ಟೋರು ೨೦೦೮ರ ಜುಲೈ ತಿಂಗಳಿನಲ್ಲಿ ಸುಮಾರು ೫೦೦ ಆ್ಯಪ್‌ಗಳೊಡನೆ ತೆರೆಯಿತು. ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಅಂಗಡಿ ಅದೇ ವರ್ಷದ ಅಕ್ಟೋಬರಿನಲ್ಲಿ ಬಂದಿತು. ೨೦೧೨ ರಲ್ಲಿ ಅದಕ್ಕೆ ಗೂಗಲ್ ಪ್ಲೇ ಎಂಬ ಹೆಸರಾಯಿತು. ಆಟವನ್ನು ಉಚಿತವಾಗಿ ಕೊಟ್ಟು, ಆಟದೊಳಗಿನ ನಾಣ್ಯ, ರತ್ನ, ಆಯುಧಗಳಿಗೆ ನಿಜವಾದ ಹಣ ಕೇಳುವ ಪದ್ಧತಿ ಸ್ವಲ್ಪ ಕಾಲದಲ್ಲಿಯೇ ಮೊದಲಾಯಿತು.

ಇಲ್ಲಿಯೇ ಮೊದಲನೆಯ ಎಡವಟ್ಟು ಸಂಭವಿಸಿದುದು. ಆಗಿನ ಐಫೋನಿನಲ್ಲಿ ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಂದಿನ ೧೫ ನಿಮಿಷಗಳವರೆಗೆ ಮತ್ತೆ ಅದನ್ನು ಕೇಳುತ್ತಿರಲಿಲ್ಲ. ದೊಡ್ಡವರಿಗೆ ಇದೊಂದು ಅನುಕೂಲ. ಆದರೆ ತಾಯಿಯೊಬ್ಬಳು ಪಾಸ್‌ವರ್ಡ್ ಹಾಕಿ ಫೋನನ್ನು ಮಗುವಿನ ಕೈಗೆ ಕೊಟ್ಟಳೆನ್ನಿ. ಆ ಕಾಲು ಗಂಟೆಯಲ್ಲಿ ಮಗು ಎಷ್ಟು ಸಲ ಒತ್ತಿದರೂ ಅಷ್ಟು ಸಲ ಹಣ ಹೋಗುತ್ತಿತ್ತು. ಆಟದ ರತ್ನಕ್ಕೂ ಮನೆಯ ರೂಪಾಯಿಗೂ ವ್ಯತ್ಯಾಸ ತಿಳಿಯದ ವಯಸ್ಸು ಅದು. ತಂದೆತಾಯಿಗಳ ದೂರುಗಳು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮುಂದೆ ಬಂದವು. ೨೦೧೪ ರಲ್ಲಿ ಆ್ಯಪಲ್ ಸಂಸ್ಥೆ ಕಡಮೆಯೆಂದರೆ ೩೨೫ ಲಕ್ಷ ಡಾಲರುಗಳನ್ನು, ಅದೇ ವರ್ಷ ಗೂಗಲ್ ಸಂಸ್ಥೆ ಕಡಮೆಯೆಂದರೆ ೧೯೦ ಲಕ್ಷ ಡಾಲರುಗಳನ್ನು ಗ್ರಾಹಕರಿಗೆ ಹಿಂದಿರುಗಿಸಲು ಒಪ್ಪಿಕೊಂಡವು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ಆದರೂ ಬಾಗಿಲು ಹಾಕಿದುದು ಒಳ್ಳೆಯದೇ ಆಯಿತು. ೨೦೧೪ ರಲ್ಲಿಯೇ ಆ್ಯಪಲ್ ಸಂಸ್ಥೆ ಆರು ಮಂದಿಯವರೆಗಿನ ಕುಟುಂಬವನ್ನು ಒಂದುಗೂಡಿಸಿ, ಮಗುವಿನ ಬೇಡಿಕೆ ದೊಡ್ಡವರ ಒಪ್ಪಿಗೆಗೆ ಬರುವಂತೆ ಮಾಡಿತು. ಗೂಗಲ್ ಸಂಸ್ಥೆಯ ‘ಫ್ಯಾಮಿಲಿ ಲಿಂಕ್’ ೨೦೧೭ ರಲ್ಲಿ ಬಂದಿತು. ಇಂದು ನಾವು ಕಾಣುವ ಪಾಲಕರ ನಿಯಂತ್ರಣದ ಮುಖ್ಯ ಸ್ವರೂಪ ಇವೆರಡರಲ್ಲಿಯೂ ಇದೆ.

ಚೀಟಿ ಮತ್ತು ಅಂಗಡಿ

ಇವುಗಳ ಕಾರ್ಯವಿಧಾನವನ್ನು ಅರಿಯಲು ಹಳೆಯ ಕಾಲದ ಒಂದು ರೂಢಿಯನ್ನು ನೆನೆಯೋಣ. ಮನೆಯವರು ಮಗುವನ್ನು ಅಂಗಡಿಗೆ ಕಳುಹಿಸುವಾಗ ಒಂದು ಚೀಟಿ ಬರೆದುಕೊಡುತ್ತಿದ್ದರು: “ಅರ್ಧ ಸೇರು ಸಕ್ಕರೆ ಕೊಡಿ, ಲೆಕ್ಕಕ್ಕೆ ಬರೆದುಕೊಳ್ಳಿ.” ಅಂಗಡಿಯ ಶೆಟ್ಟರು ನೋಡುತ್ತಿದ್ದುದು ಮಗುವಿನ ಮುಖವನ್ನಲ್ಲ, ಚೀಟಿಯ ಕೆಳಗಿನ ರುಜುವನ್ನು. ಮಗು ಚೀಟಿಯಿಲ್ಲದೆ ಬಂದು ಪೆಪ್ಪರಮಿಂಟು ಕೇಳಿದರೆ ಶೆಟ್ಟರು, “ಅಪ್ಪನ ಚೀಟಿ ತಗೊಂಡು ಬಾ” ಎಂದು ಹಿಂದಕ್ಕೆ ಕಳುಹಿಸುತ್ತಿದ್ದರು. ಫೋನಿನ ಅಂಗಡಿಯಲ್ಲಿ ನಡೆಯುವುದೂ ಇದೇ. ಚೀಟಿ ಮಾತ್ರ ಕಾಗದದ್ದಲ್ಲ, ಅಷ್ಟೆ.

ಮೊದಲನೆಯ ಹೆಜ್ಜೆ ಖಾತೆ. ಮಗುವಿಗೆ ಅದರ ಹುಟ್ಟಿದ ದಿನಾಂಕದೊಡನೆ ಪ್ರತ್ಯೇಕವಾದ ಖಾತೆಯೊಂದನ್ನು ತೆರೆದು, ಅದನ್ನು ತಂದೆಯ ಅಥವಾ ತಾಯಿಯ ಖಾತೆಗೆ ಜೋಡಿಸುತ್ತಾರೆ. ಈ ಜೋಡಣೆ ಫೋನಿನಲ್ಲಿ ಮಾತ್ರ ಇರುವುದಲ್ಲ. ದೂರದಲ್ಲಿರುವ ಸಂಸ್ಥೆಯ ಸರ್ವರಿನಲ್ಲಿ ದಾಖಲಾಗಿರುತ್ತದೆ. ಎರಡನೆಯ ಹೆಜ್ಜೆ ಬೇಡಿಕೆ. ಮಗು ಒಂದು ಆ್ಯಪಿನ ಮೇಲೆ ಬೆರಳೊತ್ತಿದಾಗ ಫೋನು ಸರ್ವರಿಗೆ, “ಇಂಥ ಖಾತೆ ಇಂಥ ಆ್ಯಪನ್ನು ಕೇಳುತ್ತಿದೆ” ಎಂದು ತಿಳಿಸುತ್ತದೆ. ಸರ್ವರು ದಾಖಲೆಯನ್ನು ನೋಡಿ, ಇದು ಮಗುವಿನ ಖಾತೆ ಎಂದು ಕಂಡುಕೊಂಡು, ಪೊಟ್ಟಣವನ್ನು ಕಳುಹಿಸದೆ ತಡೆಹಿಡಿಯುತ್ತದೆ. ಮೂರನೆಯದು ಒಪ್ಪಿಗೆ. ಪಾಲಕರ ಫೋನಿಗೆ ಸೂಚನೆ ಹೋಗುತ್ತದೆ. ಅವರು ಆ್ಯಪಿನ ವಿವರವನ್ನು ನೋಡಿ ‘ಒಪ್ಪಿಗೆ’ ಅಥವಾ ‘ಬೇಡ’ ಎನ್ನುತ್ತಾರೆ. ಪಾಲಕರು ಹತ್ತಿರದಲ್ಲಿಯೇ ಇದ್ದರೆ ಮಗುವಿನ ಫೋನಿನಲ್ಲಿಯೇ ತಮ್ಮ ಪಾಸ್‌ವರ್ಡ್ ಹಾಕಿಯೂ ಒಪ್ಪಬಹುದು. ನಾಲ್ಕನೆಯದು ಸಾಗಣೆ. ಒಪ್ಪಿಗೆ ದೊರೆತೊಡನೆ ಸರ್ವರು ಅದನ್ನು ಬರೆದುಕೊಂಡು ಆ್ಯಪನ್ನು ಕಳುಹಿಸುತ್ತದೆ.

ಬಂದ ಪೊಟ್ಟಣವನ್ನು ಫೋನು ಕಣ್ಣುಮುಚ್ಚಿ ಒಳಗೆ ಬಿಡುವುದಿಲ್ಲ. ಆಂಡ್ರಾಯ್ಡ್ ಆ್ಯಪಿನ ಪೊಟ್ಟಣಕ್ಕೆ ಎಪಿಕೆ ಎಂದು ಹೆಸರು. ಅದನ್ನು ತಯಾರಿಸಿದವರು ಗುಟ್ಟಿನ ಒಂದು ಕೀಲಿಯಿಂದ ಅದಕ್ಕೆ ರುಜು ಹಾಕಿರುತ್ತಾರೆ. ಪೊಟ್ಟಣದ ಸಮಸ್ತ ವಿಷಯವನ್ನೂ ಗಣಿತದ ಒಂದು ಕ್ರಮದಿಂದ ಹಿಂಡಿ ಒಂದು ಸಂಖ್ಯೆಯನ್ನು ಪಡೆಯುತ್ತಾರೆ. ಅದು ಆ ಪೊಟ್ಟಣದ ಬೆರಳಚ್ಚಿದ್ದಂತೆ. ಬಹಳವಾಗಿ ಬಳಕೆಯಲ್ಲಿರುವ ಎಸ್‌ಎಚ್‌ಎ-೨೫೬ ಎಂಬ ಕ್ರಮದಲ್ಲಿ ಇಂಥ ಬೆರಳಚ್ಚುಗಳ ಸಾಧ್ಯ ಸಂಖ್ಯೆಯನ್ನು ಬರೆಯಲು ೭೮ ಅಂಕಗಳು ಬೇಕು! ಪೊಟ್ಟಣದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಬೆರಳಚ್ಚು ಪೂರ್ತಿಯಾಗಿ ಬೇರೆಯಾಗುತ್ತದೆ. ಫೋನು ಅದನ್ನು ತಿರಸ್ಕರಿಸುತ್ತದೆ. ಗುಟ್ಟಿನ ಕೀಲಿಯಿಂದ ರುಜು ಹಾಕಿ, ಎಲ್ಲರಿಗೂ ಗೊತ್ತಿರುವ ಇನ್ನೊಂದು ಕೀಲಿಯಿಂದ ಅದನ್ನು ಪರೀಕ್ಷಿಸಬಹುದೆಂಬ ಕಲ್ಪನೆಯನ್ನು ೧೯೭೬ ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಎಂಬ ವಿದ್ವಾಂಸರು ಪ್ರಕಟಿಸಿದ್ದರು.

ಆದರೆ ಈ ರುಜು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಪೊಟ್ಟಣ ಯಾವ ಕೀಲಿಯವರಿಂದ ಬಂದಿತು, ದಾರಿಯಲ್ಲಿ ಯಾರಾದರೂ ಅದನ್ನು ತಿದ್ದಿದರೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಒಳಗಿರುವ ಪದಾರ್ಥ ಮಗುವಿಗೆ ಹಿತವೇ ಎಂಬುದನ್ನು ಹೇಳುವುದಿಲ್ಲ. ಡಬ್ಬಿಯ ಮುಚ್ಚಳದ ಮೊಹರು ಒಡೆದಿಲ್ಲವೆಂದ ಮಾತ್ರಕ್ಕೆ ಒಳಗಿರುವುದು ಹಾಲೆಂದು ಹೇಳಲಾದೀತೆ?

ಒಪ್ಪಿಗೆಯ ಮಿತಿಗಳು

ಫ್ಯಾಮಿಲಿ ಲಿಂಕಿನಲ್ಲಿ ಪಾಲಕರು ಒಪ್ಪಿಗೆಯ ಬಿಗಿಯನ್ನು ನಾಲ್ಕು ಬಗೆಯಾಗಿ ಇಡಬಹುದು: ಉಚಿತವಾದುದಕ್ಕೂ ಸೇರಿ ಎಲ್ಲಕ್ಕೂ ಒಪ್ಪಿಗೆ ಬೇಕು, ಹಣ ಕೊಡಬೇಕಾದುದಕ್ಕೆ ಮಾತ್ರ ಬೇಕು, ಆ್ಯಪಿನ ಒಳಗಿನ ಖರೀದಿಗೆ ಮಾತ್ರ ಬೇಕು, ಯಾವುದಕ್ಕೂ ಬೇಡ. ಆ್ಯಪಲ್ ಏರ್ಪಾಟಿನಲ್ಲಿ ಮಗುವಿನ ಬೇಡಿಕೆಗೆ ೨೪ ಗಂಟೆಗಳೊಳಗೆ ಒಪ್ಪಿಗೆ ಸಿಕ್ಕದಿದ್ದರೆ ಅದು ತಾನಾಗಿ ಅಳಿಸಿಹೋಗುತ್ತದೆ. ಮಗು ಮತ್ತೆ ಕೇಳಬೇಕು.

ಹಲವು ಪಾಲಕರು ತಿಳಿಯದಿರುವ ಒಂದು ವಿಷಯ ಇಲ್ಲಿದೆ. ಒಮ್ಮೆ ಒಪ್ಪಿದ ಆ್ಯಪನ್ನು ತೆಗೆದುಹಾಕಿ ಮತ್ತೆ ಇಳಿಸಿಕೊಂಡರೆ ಎರಡನೆಯ ಸಲ ಒಪ್ಪಿಗೆ ಬೇಕಾಗಿಲ್ಲ. ಆ್ಯಪು ಕಾಲಕಾಲಕ್ಕೆ ತನ್ನನ್ನು ನವೀಕರಿಸಿಕೊಳ್ಳುವಾಗಲೂ ಒಪ್ಪಿಗೆ ಕೇಳುವುದಿಲ್ಲ. ಬಣ್ಣ ತುಂಬುವ ಆಟವೆಂದು ಇಂದು ನೀವು ಒಪ್ಪಿದ ಆ್ಯಪಿನಲ್ಲಿ ಆರು ತಿಂಗಳ ಮೇಲೆ ಅಪರಿಚಿತರೊಡನೆ ಮಾತನಾಡುವ ಕಿಟಕಿಯೊಂದು ತೆರೆದುಕೊಂಡಿರಬಹುದು. ಒಪ್ಪಿಗೆ ಎಂಬುದು ಆ ದಿನದ ಆ್ಯಪಿಗೆ ಕೊಟ್ಟದ್ದು. ನಡೆಯುವುದು ಮಾತ್ರ ಮುಂದಿನ ಎಲ್ಲ ದಿನಗಳಿಗೂ. ಆದುದರಿಂದ ಒಪ್ಪಿದವರು ಆಗಾಗ ಮರಳಿ ನೋಡುವುದು ಅವಶ್ಯಕ. ಹಾಗೆಯೇ ಗೂಗಲ್ ಏರ್ಪಾಟಿನ ಖರೀದಿಯ ಒಪ್ಪಿಗೆ ಆ ಸಂಸ್ಥೆಯ ಹಣಪಾವತಿಯ ಮಾರ್ಗದಲ್ಲಿ ಹೋಗುವ ಖರೀದಿಗಳಿಗೆ ಮಾತ್ರ ಅನ್ವಯಿಸುತ್ತದೆ. ಬೇರೆ ಮಾರ್ಗದಿಂದ ಕೊಡುವ ಹಣಕ್ಕೆ ಅದು ಕಾವಲಲ್ಲ.

ಇನ್ನು ಆ್ಯಪಿನ ಮೇಲೆ ಕಾಣುವ ೩+, ೭+, ೧೨+, ೧೬+, ೧೮+ ಎಂಬ ವಯಸ್ಸಿನ ಗುರುತುಗಳು. ಗೂಗಲ್ ಪ್ಲೇ ೨೦೧೫ ರಿಂದ ಅಂತರರಾಷ್ಟ್ರೀಯ ವಯೋಮಾಪನ ಒಕ್ಕೂಟದ ಪದ್ಧತಿಯನ್ನು ಅನುಸರಿಸುತ್ತಿದೆ. ಆ್ಯಪ್ ತಯಾರಿಸಿದವರು ಒಂದು ಪ್ರಶ್ನಾವಳಿಗೆ ಉತ್ತರ ಕೊಡುತ್ತಾರೆ: ಹೊಡೆದಾಟ ಉಂಟೆ? ರಕ್ತ ಕಾಣುವುದೆ? ಅಶ್ಲೀಲ ಮಾತುಂಟೆ? ಜೂಜುಂಟೆ? ಆ ಉತ್ತರಗಳಿಂದ ವಯಸ್ಸಿನ ಗುರುತು ಹುಟ್ಟುತ್ತದೆ. ಅದು ಅಳೆಯುವುದು ಹಾನಿಕರವಾದ ವಿಷಯ ಇದೆಯೇ ಎಂಬುದನ್ನು. ಮಗುವಿಗೆ ತಕ್ಕುದೇ ಎಂಬುದನ್ನಲ್ಲ. ಚದುರಂಗದಲ್ಲಿ ರಕ್ತಪಾತವಿಲ್ಲವಾದುದರಿಂದ ಅದಕ್ಕೆ ೩+ ಗುರುತು ಸಲ್ಲಬಹುದು. ಹಾಗೆಂದು ಮೂರು ವರ್ಷದ ಮಗು ಚದುರಂಗವಾಡಬಲ್ಲದೆ? ಆ ಆಟ ಮಗುವಿನ ಎಷ್ಟು ಹೊತ್ತನ್ನು ನುಂಗುತ್ತದೆ, ಎಷ್ಟು ಜಾಹೀರಾತುಗಳನ್ನು ತೋರಿಸುತ್ತದೆ ಎಂಬುದನ್ನೂ ಆ ಗುರುತೊಂದರಿಂದಲೇ ತಿಳಿಯಲಾಗದು.

ದಿಡ್ಡಿ ಬಾಗಿಲುಗಳು

ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಮಾತು ನಮ್ಮಲ್ಲಿದೆ. ಬೀಗ ಹಾಕುವವರು ಇರುವ ಕಡೆ ಬೀಗ ತಪ್ಪಿಸುವವರೂ ಇರುತ್ತಾರೆ. ಫೋನಿನ ಕೋಟೆಗೆ ಮಹಾದ್ವಾರವೊಂದೇ ಅಲ್ಲ. ಕೆಲವು ದಿಡ್ಡಿ ಬಾಗಿಲುಗಳೂ ಉಂಟು.

ಒಂದನೆಯದು, ಅಂಗಡಿಯನ್ನು ಬಿಟ್ಟು ನೇರವಾಗಿ ಬರುವ ಎಪಿಕೆ ಪೊಟ್ಟಣ. ಗೆಳೆಯನೊಬ್ಬ ಸಂದೇಶದ ಮೂಲಕ ಅದನ್ನು ಕಳುಹಿಸಬಹುದು, ಅಂತರ್ಜಾಲದ ಯಾವುದೋ ಪುಟದಲ್ಲಿ ಅದು ಸಿಕ್ಕಬಹುದು. ಇಲ್ಲಿ ಅಂಗಡಿಯೂ ಇಲ್ಲ, ಶೆಟ್ಟರೂ ಇಲ್ಲ, ಚೀಟಿ ಕೇಳುವವರಾರು? ೨೦೧೭ ರಲ್ಲಿ ಬಂದ ಆಂಡ್ರಾಯ್ಡಿನ ಎಂಟನೆಯ ಆವೃತ್ತಿಯಿಂದೀಚೆಗೆ, ಹೀಗೆ ಹೊರಗಿನಿಂದ ಪೊಟ್ಟಣ ತರುವ ಅನುಮತಿಯನ್ನು ಒಂದೊಂದು ಆ್ಯಪಿಗೂ ಬೇರೆಬೇರೆಯಾಗಿ ಕೊಡಬೇಕು. ಆ ಅನುಮತಿಯನ್ನು ಎಲ್ಲ ಆ್ಯಪ್‌ಗಳಿಗೂ ಮುಚ್ಚಿಡುವುದು ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಕ್ಷೇಮ. ಮದುವೆಯ ಆಮಂತ್ರಣವೆಂದು ನಂಬಿಸಿ ಎಪಿಕೆ ಪೊಟ್ಟಣವನ್ನು ಕಳುಹಿಸುವ ಮೋಸದ ವಿಷಯವಾಗಿ ನಮ್ಮ ದೇಶದ ಪೊಲೀಸರು ೨೦೨೪ ರಲ್ಲಿ ಎಚ್ಚರಿಕೆ ಕೊಟ್ಟಿದ್ದರು.

ಎರಡನೆಯದು, ಬೀಗದ ಸಂಖ್ಯೆಯೇ. ನಾಲ್ಕು ಅಂಕಗಳ ಪಿನ್ನಿನಲ್ಲಿ ೦೦೦೦ದಿಂದ ೯೯೯೯ರವರೆಗೆ ೧೦,೦೦೦ ಸಾಧ್ಯತೆಗಳಿವೆ. ಒಂದು ಪ್ರಯತ್ನಕ್ಕೆ ೫ ಸೆಕೆಂಡು ಹಿಡಿದರೂ ಎಲ್ಲವನ್ನೂ ಪರೀಕ್ಷಿಸಲು ೫೦,೦೦೦ ಸೆಕೆಂಡು, ಎಂದರೆ ಸುಮಾರು ೧೪ ಗಂಟೆ ಬೇಕು. ಮೇಲಾಗಿ ಕೆಲವು ತಪ್ಪುಗಳಾದ ಮೇಲೆ ಫೋನು ಕಾಯಿಸತೊಡಗುತ್ತದೆ. ಇದು ಸಾಕಷ್ಟು ಭದ್ರವೆಂದೇ ತೋರುತ್ತದೆ. ಆದರೆ ತಂದೆ ತಮ್ಮ ಹುಟ್ಟಿದ ವರ್ಷವನ್ನೇ ಪಿನ್ ಮಾಡಿಕೊಂಡಿದ್ದರೆ? ಆಗ ಊಹಿಸಬೇಕಾದ ಸಂಖ್ಯೆಗಳು ನೂರಕ್ಕಿಂತ ಕಡಿಮೆ. ಗಾಜಿನ ಮೇಲಿನ ಬೆರಳಿನ ಜಿಡ್ಡಿನಿಂದ ಆ ನಾಲ್ಕು ಬೇರೆಬೇರೆ ಅಂಕಗಳು ಯಾವುವೆಂದು ತಿಳಿದುಬಿಟ್ಟರೆ, ಅವನ್ನು ಜೋಡಿಸುವ ಕ್ರಮಗಳು ೪ × ೩ × ೨ × ೧ = ೨೪ ಮಾತ್ರ; ಎರಡೇ ನಿಮಿಷದ ಕೆಲಸ. ಅಪ್ಪನ ತೊಡೆಯ ಮೇಲೆ ಕುಳಿತು ಅವರ ಬೆರಳನ್ನೇ ನೋಡುತ್ತಿದ್ದ ಮಗುವಿಗಾದರೋ ಒಂದೇ ಪ್ರಯತ್ನ ಸಾಕು. ಗಣಿತ ಕೊಟ್ಟ ಭದ್ರತೆಯನ್ನು ನಮ್ಮ ಅಭ್ಯಾಸ ಕಳೆಯುವ ಬಗೆ ಇದು.

ಮೂರನೆಯ ಬಾಗಿಲು ಎಲ್ಲಕ್ಕಿಂತ ದೊಡ್ಡದು, ಎಲ್ಲರ ಕಣ್ಣೆದುರಿಗೇ ಇರುವುದು: ದೊಡ್ಡವರ ಖಾತೆ. ಮಗುವಿಗಾಗಿ ಎಷ್ಟೇ ಚೊಕ್ಕವಾದ ಖಾತೆಯನ್ನು ತೆರೆದರೂ, ಅದು ಆಡುವುದು ತಂದೆಯ ಖಾತೆಯಿರುವ ಫೋನಿನಲ್ಲಾದರೆ ಮಗುವಿನ ಖಾತೆಯ ನಿಯಮಗಳು ಅಲ್ಲಿ ಅನ್ವಯಿಸುವುದೇ ಇಲ್ಲ.

ಕಾಣದೆ ಹೋಗುವ ಮಗು

ಈ ಮೂರನೆಯ ಬಾಗಿಲಿನಿಂದ ಆಗುವ ನಷ್ಟ ಬರಿಯ ಹಣದ್ದಲ್ಲ. ಅದನ್ನು ತಿಳಿಯಲು ಕಾನೂನಿನ ಕಡೆಗೊಮ್ಮೆ ನೋಡಬೇಕು. ಅಮೆರಿಕದಲ್ಲಿ ೧೯೯೮ ರಲ್ಲಿ ಆದ ಕಾನೂನು, ೧೩ ವರ್ಷದೊಳಗಿನ ಮಕ್ಕಳ ವೈಯಕ್ತಿಕ ವಿಷಯಗಳನ್ನು ಅಂತರ್ಜಾಲದಲ್ಲಿ ಸಂಗ್ರಹಿಸುವ ಮೊದಲು ಪಾಲಕರ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತು. ನಮ್ಮ ಸಂಸತ್ತು ೨೦೨೩ ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಈ ಮಿತಿ ೧೮ ವರ್ಷ. ಅದರಂತೆ ಮಗುವಿನ ದತ್ತಾಂಶವನ್ನು ಬಳಸಲು ಪಾಲಕರ ಒಪ್ಪಿಗೆಯನ್ನು ಪರೀಕ್ಷೆಗೆ ನಿಲ್ಲುವ ರೀತಿಯಲ್ಲಿ ಪಡೆಯಬೇಕು. ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದು, ಅವರನ್ನೇ ಗುರಿಯಾಗಿಟ್ಟು ಜಾಹೀರಾತು ತೋರಿಸುವುದು ಸಲ್ಲದು. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳು ಜಾರಿಗೆ ಬರುವುದಕ್ಕೆ ೧೮ ತಿಂಗಳ ಅವಕಾಶವನ್ನು ಕೊಡಲಾಯಿತು.

ಕಾನೂನು ಒಳ್ಳೆಯದೇ. ಆದರೆ ನಾವು ಆರಂಭದಲ್ಲಿ ಕಂಡ ಮನೆಗೆ ಅದನ್ನು ಅನ್ವಯಿಸಿ ನೋಡೋಣ. ಏಳು ವರ್ಷದ ಹುಡುಗ ತಂದೆಯ ಖಾತೆಯಿಂದ ಆಟ ಇಳಿಸಿಕೊಂಡಿದ್ದಾನೆ. ಆಟದ ಸಂಸ್ಥೆಗೆ ಕಾಣುತ್ತಿರುವುದು ನಲವತ್ತೈದು ವರ್ಷದ ಗೃಹಸ್ಥರು. ಅದು ದೊಡ್ಡವರ ಜಾಹೀರಾತನ್ನು ತೋರಿಸುತ್ತದೆ, ದೊಡ್ಡವರ ಜಾಡನ್ನು ಹಿಡಿಯುತ್ತದೆ. ಆಟವು ಸ್ಥಳವನ್ನೋ ಧ್ವನಿಯನ್ನೋ ತಿಳಿಯಲು ಅನುಮತಿ ಕೇಳಿದಾಗ ಹುಡುಗ ಅವಸರದಲ್ಲಿ ‘ಸರಿ’ ಎಂದು ಒತ್ತುತ್ತಾನೆ, ಸಂಸ್ಥೆ ಅದನ್ನು ಗೃಹಸ್ಥರ ಒಪ್ಪಿಗೆಯೆಂದೇ ಬರೆದುಕೊಳ್ಳುತ್ತದೆ. ಮಕ್ಕಳಿಗಾಗಿ ಕಟ್ಟಿದ ರಕ್ಷಣೆ ಇಲ್ಲಿ ಮಗುವಿನವರೆಗೆ ಬಂದು ತಲಪುವುದೇ ಇಲ್ಲ. ಖಾತೆಯೆಂಬ ದೊಡ್ಡವರ ಕಂಬಳಿಯನ್ನು ಹೊದ್ದ ಮಗು ಎಲ್ಲರ ಕಣ್ಣಿಗೂ ಮರೆಯಾಗಿಬಿಟ್ಟಿದೆ.

ಪಾಲಕರ ನಿಯಂತ್ರಣವೆಂದರೆ ಮಗುವನ್ನು ಕಟ್ಟಿಹಾಕುವ ಸರಪಳಿ ಎಂದು ಹಲವರು ತಿಳಿದಿದ್ದಾರೆ. ಅದರ ಮೊದಲ ಪ್ರಯೋಜನ ಬೇರೆಯೇ ಆಗಿದೆ: ಇಲ್ಲಿ ಒಂದು ಮಗು ಇದೆ ಎಂದು ಯಂತ್ರಕ್ಕೆ ತಿಳಿಯಪಡಿಸುವುದು.

ಒಂದು ಫೋನು, ಹಲವು ಕೈ

ಹಾಗಾದರೆ ಒಂದೇ ಫೋನಿರುವ ಮನೆಯಲ್ಲಿ ಮಾಡಬಹುದಾದುದೇನು? ಮಗುವಿಗೆ ಇನ್ನೊಂದು ಫೋನು ಕೊಡಿಸಿ ಎಂದು ಹೇಳುವುದು ಸುಲಭ. ಅದು ಎಲ್ಲರಿಗೂ ಸಾಧ್ಯವಲ್ಲ, ಎಲ್ಲ ವಯಸ್ಸಿನಲ್ಲಿಯೂ ತಕ್ಕುದೂ ಅಲ್ಲ. ಇರುವ ಫೋನಿನಲ್ಲಿಯೇ ನಾಲ್ಕು ಕೆಲಸಗಳನ್ನು ಮಾಡಬಹುದು.

ಫೋನು ಅವಕಾಶ ಕೊಟ್ಟರೆ ಎರಡನೆಯ ಬಳಕೆದಾರನನ್ನು ಸೇರಿಸುವುದು ಒಂದು ಉಪಾಯ. ಒಂದೇ ಮನೆಯಲ್ಲಿ ಎರಡು ಕೋಣೆ ಮಾಡಿದಂತೆ, ಒಂದೇ ಫೋನಿನಲ್ಲಿ ಎರಡು ವಿಭಾಗಗಳಾಗುತ್ತವೆ. ಒಂದರ ಆ್ಯಪು, ಚಿತ್ರ, ಸಂದೇಶಗಳು ಇನ್ನೊಂದರಲ್ಲಿ ಕಾಣುವುದಿಲ್ಲ. ಈ ಸೌಕರ್ಯ ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಿಗೆ ೨೦೧೨ ರಲ್ಲಿ, ಫೋನುಗಳಿಗೆ ೨೦೧೪ ರಲ್ಲಿ ಬಂದಿತು. ಕೆಲವು ತಯಾರಕರು ಅದನ್ನು ತಮ್ಮ ಫೋನುಗಳಲ್ಲಿ ಕೊಡುವುದಿಲ್ಲವಾದುದರಿಂದ ಮೊದಲು ಹುಡುಕಿ ನೋಡಬೇಕು.

ಎರಡನೆಯದು, ಪ್ಲೇ ಸ್ಟೋರಿನ ಒಳಗೇ ಇರುವ ವಯೋಮಿತಿ. ಪಿನ್ ಒಂದನ್ನು ಹಾಕಿ ‘೭+ ವರೆಗೆ ಮಾತ್ರ’ ಎಂದು ಇಟ್ಟರೆ ಅದಕ್ಕೆ ಮೇಲ್ಪಟ್ಟ ಆ್ಯಪ್‌ಗಳು ಆ ಫೋನಿಗೆ ಇಳಿಯುವುದಿಲ್ಲ. ಇದು ಖಾತೆಗಲ್ಲ, ಆ ಫೋನಿಗೇ ಹಾಕಿದ ಬೀಗ. ಹಂಚಿಕೊಂಡು ಬಳಸುವ ಮನೆಗೆ ಇದೇ ಹೆಚ್ಚು ಉಪಯುಕ್ತ. ಆದರೆ ೭+ ಗುರುತಿನ ಮೂವತ್ತೆರಡು ಆಟಗಳನ್ನು ಇದು ತಡೆಯದೆಂಬುದೂ ನೆನಪಿರಲಿ. ಮೂರನೆಯದು, ಖರೀದಿಯ ಪ್ರತಿಯೊಂದು ಸಲವೂ ಗುರುತು ಕೇಳುವಂತೆ ಇಡುವುದು. ಕಾಲು ಗಂಟೆಯ ಕಥೆಯನ್ನು ಮೇಲೆ ನೋಡಿದೆವಷ್ಟೆ. ನಾಲ್ಕನೆಯದು, ಮಗುವಿನ ಕೈಗೆ ಕೊಡುವ ಮೊದಲು ಒಂದೇ ಆ್ಯಪನ್ನು ಪರದೆಗೆ ಕೀಲಿಸಿಬಿಡುವುದು. ಆಂಡ್ರಾಯ್ಡಿನಲ್ಲಿಯೂ ಐಫೋನಿನಲ್ಲಿಯೂ ಈ ಏರ್ಪಾಟು ಉಂಟು. ಮಗು ಪಿನ್ನಿಲ್ಲದೆ ಆ ಆ್ಯಪಿನಿಂದ ಹೊರಗೆ ಬರಲಾರದು; ಅಂಗಡಿಯ ಬಾಗಿಲಿಗೂ ಹೋಗಲಾರದು.

ಬೀಗದ ಕೈ ಯಾರ ಬಳಿ?

ಇದುವರೆಗೆ ‘ಪಾಲಕರು’ ಎಂದು ಹೇಳುತ್ತ ಬಂದೆವು. ಈಗ ವಾಚಕರನ್ನೇ ಒಂದು ಪ್ರಶ್ನೆ ಕೇಳುತ್ತೇವೆ. ನಿಮ್ಮ ಮನೆಯಲ್ಲಿ ಹೊಸ ಫೋನು ಬಂದಾಗ ಅದನ್ನು ತೆರೆದು, ಖಾತೆ ಮಾಡಿ, ಪಾಸ್‌ವರ್ಡ್ ಇಟ್ಟವರು ಯಾರು? ಹಲವು ಮನೆಗಳಲ್ಲಿ ಅದು ತಂದೆಯಲ್ಲ, ತಾಯಿಯಲ್ಲ. ಈ ಲೇಖನವನ್ನು ಓದುತ್ತಿರುವ ನೀವು. ನಾವು ಮೊದಲು ಕಂಡ ಮನೆಯಲ್ಲಿಯೂ ಆಟಗಳ ರಾಶಿ ಕಂಡೊಡನೆ ತಂದೆ ಮಗಳನ್ನು ಕರೆದು, “ಇದಕ್ಕೇನಾದರೂ ಮಾಡಮ್ಮ” ಎಂದಿರುತ್ತಾರೆ. ೨೦೨೩ರ ಅಧಿನಿಯಮದ ಪ್ರಕಾರ ಹದಿನೇಳು ವರ್ಷದ ಆ ಮಗಳು ಕೂಡ ಮಗುವೇ. ಆದರೂ ಆ ಮನೆಯ ಬೀಗದ ಕೈ ಇರುವುದು ಅವಳಲ್ಲಿ. ತಮ್ಮನಿಗೆ ಬೀಗ ಹಾಕುವವಳೂ ಅವಳೇ, ತನಗೆ ಬೇಕಾದಾಗ ಅದನ್ನು ತೆರೆಯಬಲ್ಲವಳೂ ಅವಳೇ.

ಇದೊಂದು ನಿಜವಾದ ಇಕ್ಕಟ್ಟು. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಯಿಂದ ಏನು ಫಲ? ತಂದೆಯ ಪಿನ್ನನ್ನು ಬಲ್ಲೆನೆಂದು ಅವಳು ರಾತ್ರಿ ತನ್ನ ಇಷ್ಟದ ಆ್ಯಪನ್ನು ತಂದು, ಬೆಳಗ್ಗೆ ಅಳಿಸಿ, ತಮ್ಮನಿಗೆ ಮಾತ್ರ ನಿಯಮ ಹೇಳಿದರೆ, ತಮ್ಮ ಕಲಿಯುವುದು ನಿಯಮವನ್ನಲ್ಲ, ರಂಗೋಲಿಯ ಕೆಳಗೆ ತೂರುವುದನ್ನು. ಇದಕ್ಕೆ ಪರಿಹಾರ ಕಷ್ಟವಲ್ಲ. ಏರ್ಪಾಟನ್ನು ಅವಳು ಮಾಡಲಿ. ಕೊನೆಯಲ್ಲಿ ಪಿನ್ನನ್ನು ಮಾತ್ರ ತಾಯಿಯೋ ತಂದೆಯೋ ತಾವೇ ಹಾಕಲಿ, ಅವಳು ಮುಖ ತಿರುಗಿಸಿಕೊಳ್ಳಲಿ. ಬ್ಯಾಂಕುಗಳಲ್ಲಿ ಭದ್ರವಾದ ಪೆಟ್ಟಿಗೆಗೆ ಎರಡು ಕೀಲಿ ಇಟ್ಟು ಇಬ್ಬರ ಕೈಗೆ ಕೊಡುವುದು ಇದೇ ತತ್ತ್ವದಿಂದ: ಅದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ, ಎಲ್ಲರ ನಂಬಿಕೆಯನ್ನು ಕಾಪಾಡುವ ಮಾರ್ಗ.

ಇನ್ನೊಂದು ಎಲ್ಲೆಯನ್ನೂ ಹೇಳಬೇಕು. ಯಾವ ಆ್ಯಪು ಮನೆಯೊಳಕ್ಕೆ ಬರಬೇಕೆಂದು ನೋಡುವುದು ಬೇರೆ. ಬಂದ ಮೇಲೆ ಒಳಗಿನ ಪ್ರತಿಯೊಂದು ಮಾತನ್ನೂ ಕದ್ದು ಓದುವುದು ಬೇರೆ. ಮೊದಲನೆಯದು ಹೆಬ್ಬಾಗಿಲಿನ ಕಾವಲು, ಎರಡನೆಯದು ಕೋಣೆಯೊಳಗಿನ ಬೇಹುಗಾರಿಕೆ. ಏಳು ವರ್ಷದವನಿಗೆ ಬೇಕಾದ ಕಾವಲು ಹದಿನಾರು ವರ್ಷದವನಿಗೆ ಬೇಕಾಗಿಲ್ಲ. ನಡೆಯಲು ಕಲಿಯುವ ಮಗುವಿನ ಬೆರಳನ್ನು ಹಿಡಿದವರು ಒಂದು ದಿನ ಬಿಡಲೇಬೇಕು. ಬಿಡುವ ದಿನ ಯಾವುದೆಂದು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಹಿತ. ‘ಬೇಡ’ ಎಂದು ಒತ್ತುವ ಪಾಲಕರು ಏಕೆ ಬೇಡವೆಂಬುದನ್ನು ಬಾಯಿಬಿಟ್ಟು ಹೇಳಬೇಕು. ಕಾರಣವನ್ನು ಹೇಳುವ ಶಕ್ತಿ ಯಂತ್ರಕ್ಕಿಲ್ಲ. ಅದು ಮನುಷ್ಯರ ಕೆಲಸ.

ಮಾಡಿ ನೋಡಿ

ಓದಿದುದನ್ನು ಪರೀಕ್ಷಿಸದೆ ನಂಬಬಾರದೆಂಬುದು ವಿಜ್ಞಾನದ ನಿಯಮ. ಈ ವಾರ ಮನೆಯವರ ಅನುಮತಿ ಪಡೆದು, ಅವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಒಂದು ಹಾಳೆಯ ಮೇಲೆ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ೧. ಮನೆಯ ಫೋನಿನಲ್ಲಿ ಯಾರ ಖಾತೆ ಇದೆ, ಅದರಲ್ಲಿ ಬರೆದಿರುವ ವಯಸ್ಸೆಷ್ಟು? ಅದನ್ನು ನಿಜವಾಗಿ ಬಳಸುವವರು ಎಷ್ಟು ಮಂದಿ, ಅವರ ವಯಸ್ಸೆಷ್ಟು? ೨. ಫೋನಿನಲ್ಲಿರುವ ಆ್ಯಪ್‌ಗಳು ಎಷ್ಟು? ಅವುಗಳಲ್ಲಿ ಯಾರು ತಂದರೆಂದು ತಿಳಿಯದವು ಎಷ್ಟು? ೩. ಹೊರಗಿನ ಪೊಟ್ಟಣ ತರುವ ಅನುಮತಿ ಯಾವ ಆ್ಯಪ್‌ಗಳಿಗೆ ಇದೆ? ೪. ಮಕ್ಕಳು ಆಡುವ ಒಂದು ಆಟವನ್ನು ತೆಗೆದುಕೊಳ್ಳಿ; ಸ್ಥಳ, ಧ್ವನಿ, ಚಿತ್ರ, ವಿಳಾಸಪಟ್ಟಿ ಇವುಗಳಲ್ಲಿ ಯಾವುದಕ್ಕೆ ಅದು ಅನುಮತಿ ಪಡೆದಿದೆ? ಆಟವಾಡಲು ಅದು ನಿಜವಾಗಿ ಬೇಕೆ? ೫. ಖರೀದಿಗೆ ಪ್ರತಿ ಸಲವೂ ಗುರುತು ಕೇಳುವಂತೆ ಇದೆಯೆ?

ಮೊದಲನೆಯ ಪ್ರಶ್ನೆಯ ಎರಡು ಸಾಲುಗಳನ್ನು ಎದುರುಬದುರಾಗಿ ಇಟ್ಟು ನೋಡಿ. ಫೋನು ತಿಳಿದಿರುವ ಮನೆಗೂ ನೀವು ಬಾಳುತ್ತಿರುವ ಮನೆಗೂ ಇರುವ ಅಂತರ ಅಲ್ಲಿ ಕಾಣುತ್ತದೆ. ಆ ಅಂತರವನ್ನು ಕಡಿಮೆ ಮಾಡುವುದೇ ಬೀಗದ ಕೆಲಸ. ಆ ಹಾಳೆಯನ್ನು ಕಿರಿಯರಿಗೂ ತೋರಿಸಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಿ. ಮುಂದಿನ ಸಲ ಹೊಸ ಆಟ ಕಂಡಾಗ ಏಳು ವರ್ಷದವನು ತಾನಾಗಿ ಬಂದು, “ಅಕ್ಕಾ, ಇದನ್ನ ಹಾಕಿಕೊಳ್ಳಲಾ?” ಎಂದು ಕೇಳಿದನೆಂದರೆ, ಅಷ್ಟರಮಟ್ಟಿಗೆ ಬೀಗದ ಅವಶ್ಯಕತೆ ಕಡಿಮೆಯಾಯಿತೆಂದು ತಿಳಿಯಬಹುದು.